ಏಳನೆಯ ಪುಟದ ಹನ್ನೊಂದು ಕಣ್ಣುಗಳು

ಶನಿವಾರ ಮಧ್ಯಾಹ್ನ, ಬೈಂಡಿಂಗ್ ಅಂಗಡಿಯ ಉದ್ದ ಮೇಜಿನ ಒಂದು ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಟಿನ ಡಬ್ಬಿಯನ್ನು ಆಚೆಗೆ ಸರಿಸಿ, ರಟ್ಟಿನ ಚೂರುಗಳನ್ನು ಅಂಗೈಯಿಂದಲೇ ಗುಡಿಸಿ, ಒಂಬತ್ತನೆಯ ತರಗತಿಯ ಹುಡುಗಿ ಬರೆಯಲು ಕುಳಿತಳು. ಎದುರಿಗಿದ್ದುದು ಶಾಲೆಯಲ್ಲಿ ಕೊಟ್ಟ ಒಂದು ಹಾಳೆ. ‘ನನ್ನ ಡಿಜಿಟಲ್ ಕಥಾಪುಸ್ತಕ: ಒಂದು ಅವಲೋಕನ’ ಎಂದು ಅದರ ತಲೆಬರಹ, ಕೆಳಗೆ ಐದು ಪ್ರಶ್ನೆಗಳು, ಒಂದೊಂದು ಪ್ರಶ್ನೆಗೂ ನಾಲ್ಕು ನಾಲ್ಕು ಗೆರೆ. ನಾಲ್ಕು ಗೆರೆಯೊಳಗೆ ಮುಗಿಯುವಂಥ ಮಾತು ತನ್ನಲ್ಲಿ ಇಲ್ಲವೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಕತ್ತರಿಸಿ ಮಿಕ್ಕ ಕಾಗದದ ರಾಶಿಯಿಂದ ಹತ್ತು ಹಾಳೆಗಳನ್ನು ಎಣಿಸಿ ತೆಗೆದು, ಮೇಜಿಗೆ ತಟ್ಟಿ ಅಂಚು ಸಮ ಮಾಡಿ, ಪಕ್ಕದಲ್ಲಿ ಇಟ್ಟುಕೊಂಡಳು.

ಅಂಚು ಸಮ ಮಾಡದೆ ಅವಳು ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಬೆಂಚಿನಲ್ಲಿ ತನ್ನ ಪಾಲಿನ ಜಾಗವನ್ನು ಅಳೆದು ಕುಳಿತುಕೊಳ್ಳುವವಳು. ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ ಎಂದು ಕೇಳಿದರೆ ಮಳೆಗಾಲಕ್ಕೊಂದು, ಬೇಸಗೆಗೊಂದು ಲೆಕ್ಕ ಒಪ್ಪಿಸುವವಳು. ತರಗತಿಯವರು ಅವಳಿಗೆ ‘ಸ್ಕೇಲು’ ಎಂದು ಹೆಸರಿಟ್ಟಿದ್ದರು. ಅದು ಹೇಗೋ ಅಂಗಡಿಯವರೆಗೂ ನಡೆದು ಬಂದಿತ್ತು. ತಾತ ಅದಕ್ಕೆ ತಮ್ಮದೊಂದು ಗೌರವವನ್ನು ಸೇರಿಸಿ ‘ಸ್ಕೇಲಮ್ಮ’ ಎಂದು ಕರೆಯುತ್ತಿದ್ದರು.

ಅಂಗಡಿ ತಾತನದು. ಐವತ್ತು ವರ್ಷದಿಂದ ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟಿ, ಬೆನ್ನಿಗೆ ಬಟ್ಟೆ ಅಂಟಿಸಿ ಎಬ್ಬಿಸಿ ನಿಲ್ಲಿಸುವುದು ಅವರ ಕೆಲಸ. ಹೊಲಿಗೆ ಅಮ್ಮನದು, ಅವಳು ತಾತನ ಮಗಳು, ಆ ಕೈಚಳಕವನ್ನು ತಂದೆಯಿಂದಲೇ ಕಲಿತವಳು. ಶಾಲೆಯ ಗ್ರಂಥಾಲಯದ ಅರ್ಧಕ್ಕರ್ಧ ಪುಸ್ತಕಗಳು ಈ ಮೇಜಿನ ಮೇಲೆ ಒಮ್ಮೆಯಾದರೂ ಮಲಗಿ ಎದ್ದುಹೋದವು. ಮೊದಲ ಬಾರಿ ಗ್ರಂಥಾಲಯದೊಳಗೆ ಕಾಲಿಟ್ಟ ದಿನ, ಆರು ವರ್ಷದ ಸ್ಕೇಲು ಪುಸ್ತಕದ ಮೇಲೆ ಪುಸ್ತಕ ತೆಗೆದು ಮೊದಲ ಪುಟದಲ್ಲಿ ತಾತನ ಹೆಸರನ್ನು ಹುಡುಕಿದ್ದಳು. ಬರೆದವರ ಹೆಸರಿತ್ತು, ಅಚ್ಚು ಹಾಕಿದವರ ಹೆಸರಿತ್ತು, ಮಾರುವವರ ವಿಳಾಸವೂ ಇತ್ತು. ಅವೆಲ್ಲವನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿದವರ ಹೆಸರು ಎಲ್ಲಿಯೂ ಇರಲಿಲ್ಲ. ಆವತ್ತು ಮುಖ ಊದಿಸಿಕೊಂಡು ಬಂದವಳನ್ನು ಕಂಡು ತಾತ ನಕ್ಕಿದ್ದರು. ಅವಳು ಮರೆತಿರಲಿಲ್ಲ.

ಮೊದಲ ಪ್ರಶ್ನೆ: ಈ ಕೃತಿಯನ್ನು ರಚಿಸಲು ನಿಮಗೆ ಪ್ರೇರಣೆ ಏನು? ಅವಳು ತಡವರಿಸದೆ ಬರೆದಳು: ‘ಗ್ರಂಥಾಲಯದಲ್ಲಿ ನನ್ನ ತಾತನ ಹೆಸರು ಇರಬೇಕೆಂದು.’ ಅದಕ್ಕೆ ಒಂದು ಗೆರೆಯೇ ಸಾಕಾಯಿತು. ತೊಡಕಿದ್ದುದು ಎರಡನೆಯ ಪ್ರಶ್ನೆಯಲ್ಲಿ: ನೀವು ಎದುರಿಸಿದ ಕಷ್ಟಗಳನ್ನು ವಿವರಿಸಿ. ಕತ್ತರಿಸಿದ ಕಾಗದಗಳು ಕೆಲಸಕ್ಕೆ ಬಂದುದು ಅಲ್ಲಿ.

ಎರಡು ತಿಂಗಳ ಹಿಂದೆ ಕಂಪ್ಯೂಟರ್ ಮೇಷ್ಟ್ರು ಒಂಬತ್ತನೆಯ ತರಗತಿಯ ಮೂವತ್ತೆಂಟು ಮಂದಿಗೂ ಒಂದು ಕೆಲಸ ಹಂಚಿದ್ದರು. ಒಂದನೆಯ ತರಗತಿಯ ಮಕ್ಕಳಿಗಾಗಿ ಪ್ರತಿಯೊಬ್ಬರೂ ಒಂದು ಡಿಜಿಟಲ್ ಕಥಾಪುಸ್ತಕ ಮಾಡಬೇಕು. ಕಥೆ ಸ್ವಂತದ್ದಿರಬೇಕು, ಚಿತ್ರ ಸ್ವಂತದ್ದಿರಬೇಕು, ಓದುವ ದನಿ ಯಾರದ್ದಾದರೂ ಇರಬಹುದು. ಒಟ್ಟು ಮೂರು ನಿಮಿಷ ಮೀರಕೂಡದು. ಅವುಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಗ್ರಂಥಾಲಯದ ಟ್ಯಾಬ್ಲೆಟ್ಟಿನಲ್ಲಿ ಹಾಕಿಡಲಾಗುವುದು. ಮಿಕ್ಕ ಜಾಗವನ್ನೆಲ್ಲ ಪಾಠಗಳೇ ನುಂಗಿಬಿಟ್ಟಿವೆ ಎಂದು ಮೇಷ್ಟ್ರು ಹೇಳಿದಾಗ ತರಗತಿ ನಕ್ಕಿತ್ತು. ಸ್ಕೇಲು ನಗಲಿಲ್ಲ. ಕಥೆ ತನ್ನದು, ದನಿ ತಾತನದು, ಕೊನೆಯ ಪುಟದಲ್ಲಿ ತಾತನ ಹೆಸರು ಎಂದು ಅವಳು ಆ ಕ್ಷಣದಲ್ಲಿಯೇ ತೀರ್ಮಾನಿಸಿ ಆಗಿತ್ತು.

ಕಥೆಯೂ ಅಂಗಡಿಯಿಂದಲೇ ಹೊರಟಿತು. ಅಮ್ಮನ ಮಡಿಲಿನಿಂದ ಜಾರಿದ ದಾರದುಂಡೆಯೊಂದು ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಸೈಕಲ್ಲುಗಳ ನಡುವೆ ನುಸುಳಿ, ಅಂಚೆಯವನ ಚೀಲದ ಕೆಳಗೆ ಹಾದು, ಊರೆಲ್ಲ ಉರುಳಿ, ಹದಿನಾರನೆಯ ಪುಟದಲ್ಲಿ ಅಂಗಡಿಗೇ ಮರಳಿ ಬಂದು ಒಂದು ಪುಸ್ತಕದ ಬೆನ್ನೊಳಗೆ ಹೊಕ್ಕು ಕುಳಿತುಕೊಳ್ಳುತ್ತದೆ. ಒಂದು ಪುಟದ ಬಲ ಅಂಚಿನಲ್ಲಿ ಎಲ್ಲಿ ದಾರ ಹೊರಗೆ ಹೋಗುತ್ತದೆಯೋ, ಮುಂದಿನ ಪುಟದ ಎಡ ಅಂಚಿನಲ್ಲಿ ಅದೇ ಎತ್ತರದಲ್ಲಿ ಒಳಗೆ ಬರಬೇಕು. ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಬರೆದಿದ್ದಳು. ಏಳನೆಯ ಪುಟದಲ್ಲಿ ಮಾತ್ರ ಕೈ ತನ್ನಷ್ಟಕ್ಕೆ ಓಡಿತ್ತು. ಒಂದು ಹಳೆಯ ಗೋಡೆ. ಮೇಲೆ ಕುಳಿತ ಬೆಕ್ಕಿನ ಪಂಜದಲ್ಲಿ ದಾರದ ತುದಿ. ಗೋಡೆಯ ಸಂದಿಗಳ ಕತ್ತಲೆಯಲ್ಲಿ ಅದರ ಮರಿಗಳ ಕಣ್ಣುಗಳು. ಕಣ್ಣುಗಳನ್ನು ಬರೆಯುವಾಗ ಅವಳು ಏನನ್ನೂ ಅಳೆಯಲಿಲ್ಲ. ಬಣ್ಣ ಮುಗಿಯುವವರೆಗೆ ಬರೆದಳು.

ತಾತನ ದನಿಯನ್ನು ಮೊದಲ ಬಾರಿ ಹಿಡಿದ ದಿನ ಫೋನನ್ನು ಅಂಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು. ತಾತ ಕನ್ನಡಕ ಏರಿಸಿ, ಅವಳು ಬರೆದುಕೊಟ್ಟ ಹಾಳೆಗಳನ್ನು ಕೈಗೆ ತೆಗೆದುಕೊಂಡು ಓದಿದರು. ಒಂದು ಪುಟದ ಮಾತು ಮುಗಿದ ಮೇಲೆ ನಿಲ್ಲಿಸುವರು, ಹೆಬ್ಬೆರಳನ್ನು ನಾಲಿಗೆಗೆ ತಾಗಿಸುವರು, ಹಾಳೆ ತಿರುವುವರು, ಅಲ್ಲಿನ ಚಿತ್ರವನ್ನು ಇವತ್ತೇ ಕಂಡವರಂತೆ ನೋಡುವರು, ‘ಹೂಂ’ ಎನ್ನುವರು, ಆಮೇಲೆ ಮುಂದಿನ ಮಾತು. ಮುಗಿದಾಗ ನಾಲ್ಕು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಸ್ಕೇಲು ಕಂಗಾಲಾಗಲಿಲ್ಲ. ಅವಳು ಬಳಸುತ್ತಿದ್ದ ಆ್ಯಪ್‌ನಲ್ಲಿ ‘ಮೌನ ತೆಗೆಯಿರಿ’ ಎಂಬ ಒಂದು ಗುಂಡಿಯಿತ್ತು. ಒತ್ತಿದಳು. ನಾಲ್ಕು ನಲವತ್ತು ಇದ್ದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡು ಐವತ್ತಾಯಿತು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿ ಹಾಕಿದಳು. ದನಿ ಓಡಿದಂತೆ ಪುಟಗಳು ತಾವಾಗಿ ತಿರುಗುವ ಹಾಗೆಯೂ ಮಾಡಿದಳು. ಹಿಂದಕ್ಕೆ ಹೋಗುವ ಗುರುತು ದಂಡವೆನಿಸಿ ಅದನ್ನೂ ತೆಗೆದಳು.

ಕರಡನ್ನು ನೋಡಿದ ಮೇಷ್ಟ್ರು ತರಗತಿಯ ಎದುರಿಗೇ ಹೊಗಳಿದರು. ಒಂದು ಬೆರಳನ್ನೂ ಅಲ್ಲಾಡಿಸಬೇಕಿಲ್ಲ, ಕೂತು ನೋಡಿದರೆ ಸಾಕು, ಗ್ರಂಥಾಲಯಕ್ಕೆ ಹೋಗುವುದು ಇದೇ ಎಂದು ಕಾಣುತ್ತದೆ ಎಂದರು. ಹಿಂದಿನ ಬೆಂಚಿನಿಂದ ಯಾರೋ, ಸ್ಕೇಲಿಗೆ ಈಗ ಎರಡು ಇಂಚು ಜಾಸ್ತಿ ಆಯ್ತು ಎಂದು ಗೊಣಗಿದ್ದೂ ಕೇಳಿಸಿತು. ಅವಳಿಗೆ ಅದೂ ಹೊಗಳಿಕೆಯೇ ಎನ್ನಿಸಿತು. ತಾತನಿಗೆ ಮಾತ್ರ ತೋರಿಸಲಿಲ್ಲ. ಗ್ರಂಥಾಲಯದಲ್ಲಿ ಕೂರಿಸಿ, ಕೊನೆಯ ಪುಟವನ್ನು ತೋರಿಸಿ, ಅವರ ಮುಖವನ್ನು ನೋಡಬೇಕೆಂಬುದು ಅವಳ ಆಸೆ.

ಒಪ್ಪಿಸುವ ಮೊದಲು ಒಂದನೆಯ ತರಗತಿಯ ಐವರು ಮಕ್ಕಳಿಗೆ ತೋರಿಸಿ, ಅವರ ಅಭಿಪ್ರಾಯ ಬರೆದುಕೊಂಡು ಬರಬೇಕೆಂಬುದು ನಿಯಮ. ಈ ವಾರದ ಸೋಮವಾರ ಅವಳು ನೋಟುಪುಸ್ತಕದಲ್ಲಿ ಕಾಲಂ ಎಳೆದುಕೊಂಡು, ಶಾಲೆಯ ಟ್ಯಾಬ್ಲೆಟ್ಟನ್ನು ಹಿಡಿದು ಒಂದನೆಯ ತರಗತಿಗೆ ಹೋದಳು. ಐದು ಮಕ್ಕಳು ಅರ್ಧಚಂದ್ರದ ಹಾಗೆ ಕುಳಿತರು. ದಾರದುಂಡೆ ಉರುಳಿತು, ದನಿ ಓಡಿತು, ಪುಟಗಳು ಮಗುಚಿದವು. ಎರಡು ನಿಮಿಷ ಐವತ್ತು ಸೆಕೆಂಡಿನ ನಂತರ ಮಕ್ಕಳು, ಹಾಗೆ ಮಾಡಬೇಕೆಂದು ಅವರಿಗೆ ಕಲಿಸಿದ್ದರಿಂದ, ಚಪ್ಪಾಳೆ ತಟ್ಟಿ ‘ಚೆನ್ನಾಗಿದೆ ಅಕ್ಕ’ ಎಂದು ರಾಗವಾಗಿ ಹೇಳಿದರು. ಹೇಳಿ ನಾಲ್ವರು ಎದ್ದು, ಮೂಲೆಯ ಕಪಾಟಿನಲ್ಲಿ ರಟ್ಟು ಕಿತ್ತುಹೋಗಿದ್ದ ಯಾವುದೋ ಚಿತ್ರದ ಪುಸ್ತಕಕ್ಕೆ ಮುಗಿಬಿದ್ದರು.

ಒಬ್ಬಳು ಉಳಿದಳು. ಎದುರಿನ ಎರಡು ಹಲ್ಲು ಬಿದ್ದಿದ್ದರಿಂದ ಮಕ್ಕಳು ಅವಳನ್ನು ‘ಕಿಟಕಿ’ ಎನ್ನುತ್ತಿದ್ದರು. ಅವಳ ಅಂಗೈ ಇನ್ನೂ ಟ್ಯಾಬ್ಲೆಟ್ಟಿನ ಮೇಲೆ ಒತ್ತಿಕೊಂಡಿತ್ತು, ಮುಚ್ಚುವ ಬಾಗಿಲನ್ನು ಹಿಡಿದಂತೆ.

“ಅಕ್ಕಾ, ಹಿಂದಕ್ಕೆ ಹೋಗೋದು ಹೇಗೆ?”

“ಯಾಕೆ ಪುಟ್ಟಿ?”

“ನಾನಿನ್ನೂ ಎಣಿಸ್ತಿದ್ದೆ. ಅದು ಓಡೋಯ್ತು.”

ಗೋಡೆಯೊಳಗಿನ ಕಣ್ಣುಗಳನ್ನು ಎಣಿಸುತ್ತಿದ್ದಳಂತೆ. ಹಿಂದಕ್ಕೆ ಹೋಗುವ ದಾರಿಯಿರಲಿಲ್ಲವಾದ್ದರಿಂದ ಸ್ಕೇಲು ಮೊದಲಿನಿಂದ ಹಾಕಿ ಕೊಟ್ಟಳು. ಏಳನೆಯ ಪುಟ ಬಂತು. ಮಗುವಿನ ಬೆರಳು ಮೂರನೆಯ ಕಣ್ಣಿನ ಮೇಲೆ ಇರುವಾಗಲೇ ಹೋಯಿತು. ಇನ್ನೊಮ್ಮೆ ಹಾಕಿ ಕೊಡುತ್ತೇನೆ ಎಂದು ಕರೆದಾಗ ಕಿಟಕಿ ಬೇಡವೆಂದು ತಲೆಯಾಡಿಸಿ, ಹರಿದ ಪುಸ್ತಕದ ಸುತ್ತ ನೆರೆದಿದ್ದ ಗುಂಪಿಗೆ ಸೇರಿಕೊಂಡಳು. ‘ಇಷ್ಟವಾಯಿತು’ ಎಂಬ ಕಾಲಮ್ಮಿನಲ್ಲಿ ಐದು ಎಂದು ಬರೆಯಬೇಕಿತ್ತು. ಪೆನ್ನು ಏಳಲಿಲ್ಲ.

ಸಂಜೆ ಅಂಗಡಿಗೆ ಬಂದಾಗ ಗ್ರಂಥಾಲಯದಿಂದ ಹೊಸದೊಂದು ಕಟ್ಟು ರಿಪೇರಿಗೆ ಬಂದು ಬಿದ್ದಿತ್ತು. ತಾತ ಒಂದೊಂದೇ ಪುಸ್ತಕವನ್ನು ಎತ್ತಿ, ಬೆನ್ನು ಕೆಳಗಾಗುವಂತೆ ಮೇಜಿನ ಮೇಲೆ ನಿಲ್ಲಿಸಿ, ಎರಡೂ ಕೈ ಬಿಟ್ಟುಬಿಡುತ್ತಿದ್ದರು. ಪುಸ್ತಕ ಕ್ಷಣಕಾಲ ಯೋಚಿಸುವಂತೆ ನಿಂತು, ಎರಡು ರೆಕ್ಕೆಯಾಗಿ ಬಿಚ್ಚಿಕೊಂಡು ಬೀಳುತ್ತಿತ್ತು. ಬಿದ್ದಲ್ಲಿ ತಾತ ಒಂದು ಕಾಗದದ ಚೂರು ಸಿಕ್ಕಿಸುತ್ತಿದ್ದರು. ಹುಟ್ಟಿದಾಗಿನಿಂದ ನೋಡಿದ ಕೆಲಸವಾದ್ದರಿಂದ ಅದು ಯಾಕೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಆವತ್ತು ಕೇಳಿದಳು.

“ಮಕ್ಕಳು ಎಲ್ಲಿ ಕೂತಿದ್ರು ಅಂತ ಪುಸ್ತಕಾನೇ ಹೇಳುತ್ತೆ,” ತಾತ ತಲೆಯೆತ್ತದೆ ಹೇಳಿದರು. “ಇಲ್ನೋಡು, ಮೂಲೇಲಿ ಎಷ್ಟು ಬೆರಳಿನ ಮಸಿ. ಹೊಲಿಗೆ ಸೋಲೋದು ಇಲ್ಲೇ. ಇಲ್ಲಿ ಗಟ್ಟಿ ಮಾಡಿದ್ರೆ ಆಯ್ತು, ಮಿಕ್ಕಿದ್ದು ಹೇಗೋ ನಡ್ಕೊಂಡು ಹೋಗುತ್ತೆ.”

ಅವಳು ಆ ಬಿಚ್ಚಿದ ಪುಟವನ್ನು ನೋಡಿದಳು. ಆನೆಯೊಂದು ಕೊಡೆ ಹಿಡಿದು ನಿಂತಿತ್ತು. ಕೊಡೆಯ ಬಣ್ಣ ಎಷ್ಟು ಬೆರಳುಗಳು ಸವರಿಯೋ ಮಾಸಿಹೋಗಿತ್ತು. ತನ್ನ ಪುಸ್ತಕವನ್ನು ಹೀಗೆ ಕೈಬಿಟ್ಟರೆ ಅದು ಎಲ್ಲಿ ಬಿಚ್ಚಿಕೊಂಡೀತು? ಅದು ಬಿಚ್ಚಿಕೊಳ್ಳುವುದೇ ಇಲ್ಲ, ಓಡುತ್ತದೆ, ಮುಗಿಯುತ್ತದೆ. ಆಸೆಯನ್ನೆಲ್ಲ ಬದಿಗಿಟ್ಟು, ಫೋನು ತೆಗೆದು, ಮಾಡಿಟ್ಟಿದ್ದನ್ನು ತಾತನಿಗೂ ಅಮ್ಮನಿಗೂ ತೋರಿಸಿದಳು. ಕೊನೆಯ ಪುಟ ಬರುವ ಮೊದಲು ನಿಲ್ಲಿಸಿದಳು. ಅದೊಂದು ಗುಟ್ಟನ್ನಾದರೂ ಉಳಿಸಿಕೊಳ್ಳಬೇಕಿತ್ತು.

“ಯಾರಿದು?” ತಾತ ಕನ್ನಡಕದ ಮೇಲಿನಿಂದ ನೋಡಿದರು. “ರೈಲು ಹಿಡಿಯೋಕೆ ಓಡ್ತಿರೋ ಹಾಗಿದೆ.”

“ನಿನ್ನದೇ ದನಿ ಅಪ್ಪ,” ಅಮ್ಮ ದಾರ ಕಚ್ಚಿ ತುಂಡರಿಸುತ್ತ ನಕ್ಕಳು.

“ದನಿ ನಂದಿರಬಹುದು. ನಡುನಡುವೆ ನಾನು ಸುಮ್ನಿದ್ದೆನಲ್ಲ, ಅದೆಲ್ಲಿ?”

“ತೆಗೆದ್‌ಹಾಕ್ದೆ ತಾತ.”

“ತೆಗೆದು ಎಲ್ಲಿಗೆ ಹಾಕ್ದೆ?”

ಕಸದ ಬುಟ್ಟಿಗೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಒಂದು ನಿಮಿಷ ಐವತ್ತು ಸೆಕೆಂಡು, ತಾತ ಚಿತ್ರಗಳನ್ನು ನೋಡುತ್ತ ಕುಳಿತಿದ್ದ ಕಾಲ. ಅದನ್ನು ಹುಡುಕಿ ತರಲು ಎಲ್ಲಿಯೂ ಹೋಗುವಂತಿರಲಿಲ್ಲ. ಆದರೆ ಅಳುಬುರುಕಿಯಲ್ಲ ಅವಳು. ಕೆಟ್ಟ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವ ಮನೆಯಲ್ಲಿ ಬೆಳೆದವಳು. ಬಿಚ್ಚುವುದೆಂದು ಅಲ್ಲಿಯೇ ನಿಶ್ಚಯಿಸಿದಳು.

ಮಂಗಳವಾರ ಬೆಳಿಗ್ಗೆ ಮೇಷ್ಟ್ರ ಮುಂದೆ ನಿಂತು, ಪುಟಗಳು ತಾವಾಗಿ ತಿರುಗುವುದನ್ನು ತೆಗೆಯುತ್ತೇನೆ, ತಿರುಗಿಸುವ ಕೆಲಸವನ್ನು ಮಕ್ಕಳ ಬೆರಳಿಗೇ ಬಿಡುತ್ತೇನೆ ಎಂದಳು. ಮೇಷ್ಟ್ರು ಅವಳಿಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿದರು. ಗೆದ್ದ ಆಟವನ್ನು ಯಾರಾದರೂ ಕೆಡಿಸಿಕೊಳ್ಳುತ್ತಾರೆಯೇ ಎಂದು ಕೇಳಿದರು. ಒಂದು ಮಗು ಒಂದೇ ಪುಟದಲ್ಲಿ ಕೂತುಬಿಟ್ಟರೆ ಮೂರು ನಿಮಿಷದ ನಿಯಮ ಏನಾಗಬೇಕು ಎಂದೂ ಕೇಳಿದರು.

“ಓದೋ ದನಿ ಎರಡು ನಿಮಿಷ ಐವತ್ತು ಸೆಕೆಂಡೇ ಸಾರ್,” ಎಂದಳು ಸ್ಕೇಲು. “ಮಿಕ್ಕ ಟೈಮು ನಂದಲ್ಲ, ನೋಡೋರದ್ದು. ಅದನ್ನ ನನ್ನ ಲೆಕ್ಕಕ್ಕೆ ಹಾಕ್ಬೇಡಿ.”

ಮೇಷ್ಟ್ರು ಗಲ್ಲ ಕೆರೆದುಕೊಂಡರು. ಮಾತಿನಲ್ಲಿ ತಪ್ಪು ಸಿಗಲಿಲ್ಲ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ತಡವಾಗಿ ಒಪ್ಪಿಸುವುದರಿಂದ ಅವಳ ಸರದಿ ಶನಿವಾರ, ಎಲ್ಲರಿಗಿಂತ ಕೊನೆಗೆ. ಒಂದನೆಯ ತರಗತಿಯ ಒಂದು ಮಗು ಪುಸ್ತಕವನ್ನು ನೋಡಬೇಕು, ತಾವು ಹಿಂದೆ ನಿಂತು ಅಂಕ ಹಾಕುವರು. ಗಂಟೆ ಹೊಡೆಯುವುದರೊಳಗೆ ಎಷ್ಟು ಪುಟ ಕಂಡರೋ ಅಷ್ಟಕ್ಕೇ ಅಂಕ. ಕೊನೆಯ ಪುಟ ಬಾರದಿದ್ದರೆ ಆಮೇಲೆ ತಮ್ಮನ್ನು ದೂರಬಾರದು. ಆಗಲಿ ಸಾರ್ ಎಂದು ಅವಳು ಹೊರಟಳು.

ಎರಡನೆಯ ಬಾರಿ ದನಿ ಹಿಡಿಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲ ಸಲದ ಹಾಳೆಗಳು ಈಗ ಉಳಿದಿರಲಿಲ್ಲ, ಪರದೆಯನ್ನು ನೋಡಿಯೇ ಓದಬೇಕಿತ್ತು. ನಡುವೆ ಸುಮ್ಮನಿರಿ ತಾತ ಎಂದು ಹೇಳಿಕೊಟ್ಟರೆ ತಾತ ಫೋಟೋಕ್ಕೆ ಕುಳಿತವರಂತೆ ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ಜೀವವಿರಲಿಲ್ಲ. ತಿರುವಲು ನಿಜವಾದ ಪುಟ ಕೈಯಲ್ಲಿದ್ದರೆ ಮಾತ್ರ ತಮಗೆ ಓದಲು ಬರುವುದು ಎಂದು ಕೈ ಚೆಲ್ಲಿದರು. ಹಾಗಾದರೆ ಪುಟವನ್ನೇ ಮಾಡಿಕೊಡೋಣ ಎಂದಳು ಅಮ್ಮ. ಬುಧವಾರ ಶಾಲೆ ಬಿಟ್ಟ ಮೇಲೆ ಸ್ಕೇಲು ಹದಿನೈದು ಪುಟಗಳನ್ನು ಮುದ್ರಿಸಿ ತಂದಳು. ಹದಿನಾರನೆಯದನ್ನು ಬೇಕೆಂದೇ ಖಾಲಿ ಬಿಟ್ಟಳು. ಅಮ್ಮ ದಬ್ಬಳದಿಂದ ತೂತು ಹಾಕಿ ಹೊಲಿದಳು. ತಾತ ನೀಲಿ ರಟ್ಟು ಕಟ್ಟಿದರು. ಪರದೆಯ ಮೇಲೆ ಹುಟ್ಟಿದ ಪುಸ್ತಕ ಹೀಗೆ, ಹಿಂದುಮುಂದಾಗಿ, ಕಾಗದಕ್ಕೆ ಬಂದು ಅಂಗೈಯಲ್ಲಿ ಕುಳಿತಿತು.

ಗುರುವಾರ ಸಂಜೆ, ಇಳಿಬಿಸಿಲು ಮೇಜಿನ ಅರ್ಧದವರೆಗೆ ಬಂದಿದ್ದ ಹೊತ್ತಿನಲ್ಲಿ, ಕಾಗದ ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ತಾತ ಓದಿದರು. ಆರು ಪುಟ ಸರಾಗವಾಗಿ ಸಾಗಿತು. ಏಳನೆಯ ಪುಟ ತಿರುವಿದವರು ಓದುವುದನ್ನೇ ಮರೆತರು. ಫೋನು ಓಡುತ್ತಲೇ ಇತ್ತು. ಸ್ಕೇಲು ಕಾದಳು. ತಾತನ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು.

“ಹನ್ನೊಂದು,” ಎಂದರು ಕಡೆಗೆ. “ಲೆಕ್ಕ ತಪ್ಪಿದೆಯಲ್ಲ ಸ್ಕೇಲಮ್ಮ.”

ಅವಳು ಧಡಕ್ಕನೆ ಬಾಗಿ ಎಣಿಸಿದಳು. ಐದು ಸಂದಿಗಳಲ್ಲಿ ಎರಡೆರಡು; ಆರನೆಯದರಲ್ಲಿ ಒಂದೇ. ಮುಖ ಕೆಂಪಾಯಿತು. ದಾರವನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆದವಳು ಬೆಕ್ಕಿನ ಮರಿಗೆ ಒಂದು ಕಣ್ಣು ಕಡಿಮೆ ಕೊಟ್ಟಿದ್ದಳು. ಈಗಲೇ ಸರಿಪಡಿಸುತ್ತೇನೆ ಎಂದು ಪೆನ್ನಿಗೆ ಕೈ ಹಾಕಿದಾಗ ತಾತ ಅವಳ ಮಣಿಕಟ್ಟನ್ನು ಹಿಡಿದರು. ಅವರ ಬೆರಳುಗಳಲ್ಲಿ ಒಣಗಿದ ಅಂಟಿನ ಬಿರುಸಿತ್ತು.

“ಮುಟ್ಬೇಡ. ಯಾಕೆ ಅಂತ ಕೇಳೋರು ಯಾರಾದ್ರೂ ಬರ್ತಾರೆ.”

ಕನ್ನಡಕ ಸರಿಮಾಡಿಕೊಂಡು ಮುಂದಿನದನ್ನು ಓದಿದರು. ಹಾಳೆ ತಿರುವುವ ಸದ್ದು, ‘ಹೂಂ’, ಹೊರಗೆ ಯಾರದೋ ಸೈಕಲ್ಲಿನ ಗಂಟೆ, ಕಣ್ಣಿನ ಲೆಕ್ಕದ ಆ ಮಾತುಗಳನ್ನು ಬಿಟ್ಟರೆ ಒಂದನ್ನೂ ಅವಳು ಈ ಬಾರಿ ತೆಗೆಯಲಿಲ್ಲ. ಮಾತನ್ನು ಪುಟಕ್ಕೆ ಇಷ್ಟೆಂದು ತುಂಡು ಮಾಡಿದಳು; ಪುಟದ ಕೆಳಗೆ ಎರಡೂ ತುದಿಯಲ್ಲಿ ದಾರದ ಚಿಕ್ಕ ಕುಣಿಕೆಯೊಂದನ್ನು ಬರೆದು, ಒಂದನ್ನು ಒತ್ತಿದರೆ ಹಿಂದಕ್ಕೆ, ಇನ್ನೊಂದನ್ನು ಒತ್ತಿದರೆ ಮುಂದಕ್ಕೆ ಹೋಗುವಂತೆ ಮಾಡಿದಳು. ಹದಿನಾರನೆಯ ಪುಟದಲ್ಲಿ, ಪುಸ್ತಕದ ಬೆನ್ನೊಳಗೆ ದಾರ ಹೊಕ್ಕ ಚಿತ್ರದ ಕೆಳಗೆ, ದುಂಡಗೆ ಬರೆದಳು: ತಾತನ ಪೂರ್ತಿ ಹೆಸರು, ಅದರ ಮುಂದೆ ‘ಬೈಂಡರ್’, ಕೆಳಗೆ ಅಮ್ಮನ ಹೆಸರು, ಮುಂದೆ ‘ಹೊಲಿಗೆ’.

ಇವತ್ತು ಬೆಳಿಗ್ಗೆ ಅವಳ ಸರದಿ ಬಂದಾಗ ಗಂಟೆಗೆ ಆರೇ ನಿಮಿಷ ಉಳಿದಿತ್ತು. ಯಾರು ಬರುತ್ತೀರಿ ಎಂದು ಮೇಷ್ಟ್ರು ಕೇಳುವ ಮೊದಲೇ, ಪರದೆಯ ಮೇಲೆ ದಾರದುಂಡೆಯನ್ನು ಕಂಡ ಕಿಟಕಿ ಒಂದನೆಯ ತರಗತಿಯವರ ಸಾಲಿನಿಂದ ಓಡಿಬಂದು ಕುರ್ಚಿಯ ಮೇಲೆ ಕಾಲು ಮಡಿಸಿ ಕುಳಿತಳು. ಮೊದಲ ಪುಟದಲ್ಲಿ ಕುಣಿಕೆಯನ್ನು ಕಂಡು, ಒತ್ತಿ, ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ಇದು ತನ್ನ ಮಾತು ಕೇಳುತ್ತದೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ತಾತನ ದನಿ. ಮೆಟ್ಟಿಲು, ಸೈಕಲ್ಲು, ಅಂಚೆಯವನು. ಏಳನೆಯ ಪುಟ.

ಕಿಟಕಿ ಬೆರಳಿಟ್ಟು ಎಣಿಸಲು ತೊಡಗಿದಳು. ಎಣಿಸಿ ಮುಗಿಸಿ, ತಲೆ ಕೆರೆದುಕೊಂಡು, ಮತ್ತೆ ಮೊದಲಿನಿಂದ ಎಣಿಸಿದಳು. ಬಳಿಕ ಮೊಣಕೈಯೂರಿ, ಗಲ್ಲಕ್ಕೆ ಕೈ ಕೊಟ್ಟು, ಸುಮ್ಮನೆ ನೋಡುತ್ತ ಕುಳಿತಳು.

ಒಂದು ನಿಮಿಷ ಹೋಯಿತು. ಎರಡಾಯಿತು. ಮೇಷ್ಟ್ರು ಕೈಗಡಿಯಾರವನ್ನು ನೋಡಿದರು, ಅಂಕದ ಹಾಳೆಯನ್ನು ನೋಡಿದರು. ಹಿಂದಿನಿಂದ ಗೆಳತಿಯರು, ಮುಂದಕ್ಕೆ ಒತ್ತೇ ಸ್ಕೇಲು, ಮುಂದಕ್ಕೆ ಒತ್ತೇ ಎಂದು ಪಿಸುಗುಟ್ಟಿದರು. ತಾತನ ಹೆಸರು ಅಲ್ಲಿಂದ ಒಂಬತ್ತು ಪುಟ ದೂರದಲ್ಲಿತ್ತು. ಅವಳ ಬಲಗೈ ತಾನಾಗಿಯೇ ಎದ್ದು ಮಗುವಿನ ಹೆಗಲ ಮೇಲಿಂದ ಕುಣಿಕೆಯ ಕಡೆಗೆ ಚಾಚಿತು. ಒಂದು ಬೆರಳು ತಾಗಿಸಿದರೆ ಮುಗಿಯಿತು. ಮಗು ತಿರುಗಿಯೂ ನೋಡಲಾರದು. ಕೈ ಅಲ್ಲಿಯೇ, ಗಾಳಿಯಲ್ಲಿಯೇ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಏಳದಿರಲೆಂದು ಅದನ್ನು ಬೆನ್ನ ಹಿಂದೆ ಕಟ್ಟಿ, ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಳು.

ಗಂಟೆ ಹೊಡೆಯಿತು. ಕುರ್ಚಿಗಳು ಸರಿದವು, ಮೂವತ್ತೇಳು ಚೀಲಗಳು ಹೆಗಲೇರಿದವು. ಕಿಟಕಿಗೆ ಗಂಟೆ ಕೇಳಿಸಿದಂತೆ ಕಾಣಲಿಲ್ಲ.

ಮೇಷ್ಟ್ರು ಅವಳ ಎತ್ತರಕ್ಕೆ ಬಾಗಿದರು. “ಮುಂದಕ್ಕೆ ಹೋಗಲ್ವೇನಮ್ಮಾ?”

“ಇರಿ ಸಾರ್,” ಎಂದಳು ಕಿಟಕಿ, ಕಣ್ಣು ತೆಗೆಯದೆ. “ಹನ್ನೊಂದು ಕಣ್ಣಿದೆ. ಒಂದು ಮರಿ ಅರ್ಧ ಮಲಗಿದೆ. ಪೂರ್ತಿ ಎಚ್ಚರ ಆದ್ಮೇಲೆ ಹೋಗೋಣ.”

ಮೇಷ್ಟ್ರು ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಂದರು. ಅವರ ತುಟಿಗಳೂ ಅಲ್ಲಾಡಿದವು. ಹನ್ನೊಂದಕ್ಕೆ ನಿಂತವು, ಮತ್ತೆ ಒಂದರಿಂದ ಹೊರಟವು. ಎದ್ದು ನಿಂತಾಗ ಅಂಕದ ಹಾಳೆಯಲ್ಲಿ ‘ಮುಕ್ತಾಯ’ ಎಂಬ ಕಾಲಂ ಇನ್ನೂ ಖಾಲಿಯಿತ್ತು. ಅಲ್ಲಿ ಸೊನ್ನೆ ಬರೆಯಬೇಕಿತ್ತು, ಷರತ್ತಿನ ಪ್ರಕಾರ. ಪೆನ್ನನ್ನು ಅದರ ಮೇಲೆ ತಂದವರು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿದರು.

“ಕೊನೆ ನೋಡದೆ ಅಂಕ ಹಾಕೋದು ಸರಿಯಲ್ಲ,” ಎಂದರು, ಯಾರಿಗೂ ಅಲ್ಲದಂತೆ. “ಇದನ್ನ ಗ್ರಂಥಾಲಯದ ಟ್ಯಾಬ್ಲೆಟ್ಟಿಗೆ ಹಾಕಿಡು. ಅದು ಎಚ್ಚರ ಆದ ದಿನ ನಾನೂ ಅಲ್ಲೇ ಬಂದು ನೋಡ್ತೀನಿ.”

ಇಷ್ಟನ್ನು ಬರೆಯುವಷ್ಟರಲ್ಲಿ ಹತ್ತು ಹಾಳೆಗಳಲ್ಲಿ ಒಂಬತ್ತು ತುಂಬಿದ್ದವು. ಅವಲೋಕನಕ್ಕೆ ಇಷ್ಟುದ್ದ ಇರಬಹುದೇ ಎಂದು ಯಾರಾದರೂ ಕೇಳಿದರೆ ಕೊಡಬೇಕಾದ ಉತ್ತರವೂ ಸ್ಕೇಲಿನ ಬಳಿ ಸಿದ್ಧವಾಗಿತ್ತು. ಮೂರನೆಯ, ನಾಲ್ಕನೆಯ ಪ್ರಶ್ನೆಗಳು, ಬಳಸಿದ ಉಪಕರಣಗಳು, ಸಹಾಯ ಮಾಡಿದವರು, ಸುಲಭವಾಗಿ ಮುಗಿದವು. ಐದನೆಯದು: ಮತ್ತೊಮ್ಮೆ ಅವಕಾಶ ಸಿಕ್ಕರೆ ನಿಮ್ಮ ಕೃತಿಯಲ್ಲಿ ಏನನ್ನು ಸರಿಪಡಿಸುವಿರಿ? ಪೆನ್ನಿನ ತುದಿಯನ್ನು ಕಚ್ಚಿ, ಒಂದು ಗಳಿಗೆ ಹೊರಗಿನ ಬೀದಿಯನ್ನು ನೋಡಿ, ಬರೆದಳು: ‘ಹನ್ನೆರಡನೆಯ ಕಣ್ಣನ್ನು ಬರೆಯುವುದಿಲ್ಲ.’

ತಾತ ಮೇಜಿನ ಆ ತುದಿಯಲ್ಲಿ ಯಾವುದೋ ಪುಸ್ತಕದ ಬೆನ್ನಿಗೆ ಅಂಟು ಸವರುತ್ತಿದ್ದರು. ಬಂದಾಗಿನಿಂದ ಅವರು ಏನನ್ನೂ ಕೇಳಿರಲಿಲ್ಲ. ಕೇಳಬಾರದೆಂದು ಅಲ್ಲ, ಅವಳ ಬರವಣಿಗೆ ನಿಲ್ಲಲೆಂದು ಕಾದಿದ್ದರು. ಪೆನ್ನು ಕೆಳಗಿಟ್ಟ ಸದ್ದಿಗೆ ಮಾತು ಬಂತು.

“ಎಲ್ಲಿಗೆ ಬಿಚ್ಕೊಳ್ತು?”

“ಏಳಕ್ಕೆ, ತಾತ. ಅಲ್ಲಿಂದ ಮುಂದಕ್ಕೆ ಹೋಗ್ಲೇ ಇಲ್ಲ.”

“ಹೊಲಿಗೆ?”

“ಗಟ್ಟಿ ಇದೆ.”

ತಾತ ‘ಹೂಂ’ ಎಂದು ಕುಂಚವನ್ನು ಡಬ್ಬಿಯೊಳಗೆ ಅದ್ದಿದರು. ಅಮ್ಮ ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತ, ಹಾಗಾದರೆ ಸೋಮವಾರ ನಾವು ಮೂವರೂ ಶಾಲೆಗೆ ಹೋಗಿ ನೋಡಿಕೊಂಡು ಬರೋಣ ಎಂದಳು. ಆ ಖಾಲಿ ಬಿಟ್ಟ ಪುಟದಲ್ಲಿ ಇವಳೇನೋ ಬಚ್ಚಿಟ್ಟಿದ್ದಾಳೆ ಎಂದೂ ಸೇರಿಸಿದಳು. ಸ್ಕೇಲು ಕೇಳಿಸದವಳಂತೆ ಹಾಳೆಗಳನ್ನು ಮೇಜಿಗೆ ತಟ್ಟಿ ಅಂಚು ಸಮ ಮಾಡಿದಳು.

ಆಗ ಅವಳ ಕಣ್ಣು ತಾತನ ಕಪಾಟಿನ ಕಡೆಗೆ ಹೋಯಿತು. ಬುಧವಾರ ಕಟ್ಟಿದ ನೀಲಿ ರಟ್ಟಿನ ಪುಟ್ಟ ಪುಸ್ತಕ, ದೊಡ್ಡ ಸಂಪುಟಗಳ ನಡುವೆ ಅಂಚು ಸ್ವಲ್ಪ ಮುಂದಾಗಿ ನಿಂತಿತ್ತು, ಈಗಷ್ಟೇ ಯಾರೋ ತೆಗೆದು ಇಟ್ಟಂತೆ. ಎತ್ತಿ ತಂದು, ಬೆನ್ನು ಕೆಳಗಾಗುವಂತೆ ಮೇಜಿನ ಮೇಲೆ ನಿಲ್ಲಿಸಿ, ಎರಡೂ ಕೈ ಬಿಟ್ಟಳು. ಕಟ್ಟಿ ಮೂರು ದಿನವಾಗಿದ್ದ ಪುಸ್ತಕ. ಎಲ್ಲಿಗಾದರೂ ಬಿಚ್ಚಿಕೊಳ್ಳಲು ಅದಕ್ಕೆ ಕಾರಣವಿರಲಿಲ್ಲ. ಒಂದು ಕ್ಷಣ ನಿಂತು, ಏಳನೆಯ ಪುಟಕ್ಕೆ ಬಿಚ್ಚಿಕೊಂಡು ಮಲಗಿತು. ಗೋಡೆಯ ಸಂದಿಗಳಿಂದ ಹನ್ನೊಂದು ಕಣ್ಣುಗಳು ಅವಳನ್ನು ನೋಡಿದವು. ಪುಟದ ಕೆಳ ಮೂಲೆಯಲ್ಲಿ, ಅಂಟು ಒಣಗಿದ ಒಂದು ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತ್ತು.

ತಾತ ತಲೆ ಬಗ್ಗಿಸಿ, ತಮ್ಮ ಮುಂದಿದ್ದ ಪುಸ್ತಕದ, ಆಗಲೇ ಸವರಿ ಮುಗಿಸಿದ್ದ ಬೆನ್ನಿಗೇ ಎರಡನೆಯ ಸಲ ಅಂಟು ಸವರುತ್ತಿದ್ದರು.